ರೈಡರ್ ತೂಕ 72 ಕೆ.ಜಿ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲುವುದು ನಮ್ಮ ಕಡೆಯ ಪದ್ಧತಿ. ಒಂದು ವರ್ಷ ನಮ್ಮ ಮನೆಯಾಕೆ ಮೊದಲು ನನ್ನ ಬೆನ್ನಿಗೆ ಚೆಲ್ಲಿ, ಆಮೇಲೆ ಹೊಲಕ್ಕೆ ಚೆಲ್ಲಿದಳು.

ಬೇಕಂತ ಮಾಡಿದ್ದಲ್ಲ. ಜೇವರ್ಗಿ ತಾಲ್ಲೂಕಿನ ನಮ್ಮೂರು ಇನ್ನೇನು ಬಂತು ಅನ್ನುವಾಗ, ಯಾರೋ ಪುಣ್ಯಾತ್ಮರು ತಮ್ಮ ಮನೆಯ ಮುಂದೆ ರಾತ್ರೋರಾತ್ರಿ ಹಾಕಿಸಿಕೊಂಡ ಹಂಪ್ ಎದುರಾಯಿತು. ಬ್ರೇಕ್ ಒತ್ತಿದೆ. ಗಾಡಿಯ ಮೂತಿ ಬಸವಣ್ಣ ಮೊಣಕಾಲೂರಿದಂತೆ ಧಸಕ್ಕನೆ ಕೆಳಗಿಳಿಯಿತು. ಹಿಂದಿನ ಸೀಟಿನಲ್ಲಿದ್ದ ಆಕೆಯ ತೊಡೆಯ ಮೇಲಿನ ಪಾತ್ರೆ ಬಾಗಿತು. ಹದಿನಾರು ನಮೂನೆಯ ಕಾಯಿಪಲ್ಲೆ, ಕಾಳುಗಳು ಕೂಡಿದ ಬಿಸಿ ಭಜ್ಜಿ ನನ್ನ ಕಾಲರಿನ ಒಳಗಿಂದ ಹಾದು ಬೆಲ್ಟಿನ ತನಕ ಹೋಗಿ ನಿಂತಿತು. ಊರು ಮುಟ್ಟಿದ ಮೇಲೆ ಅವ್ವ ನನ್ನನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿನ ಮೇಲಿನ ಭಜ್ಜಿಯನ್ನು ಬೆರಳಿಂದ ತೆಗೆದು ಬಾಯಿಗಿಟ್ಟುಕೊಂಡು, "ಉಪ್ಪು ಜರಾ ಕಮ್ಮಿ ಬಿದ್ದದ ನೋಡವ್ವ" ಅಂದಳು. ಸೊಸೆಗೆ ಹೇಳಿದ ಮಾತು. ಮಗನ ಬೆನ್ನು ಸುಟ್ಟಿತೇನು ಅಂತ ಯಾರೂ ಕೇಳಲಿಲ್ಲ.

ನಮ್ಮ ಸಂಸಾರದ ನಕಾಶೆ ಒಂದು ತ್ರಿಕೋನ. ಅಫಜಲಪುರದಲ್ಲಿ ನೌಕರಿ, ಭೀಮಾ ನದಿ ದಾಟಿದರೆ ಜೇವರ್ಗಿ ಕಡೆ ಅವ್ವ ಮತ್ತು ಹೊಲ, ಬಡಗಣಕ್ಕೆ ಹೋದರೆ ಆಳಂದದಲ್ಲಿ ಹೆಂಡತಿಯ ತವರು. ಈ ಮೂರು ಮೂಲೆಗಳ ನಡುವೆ ಹದಿನಾಲ್ಕು ವರ್ಷದಿಂದ ನಾನು ಫಟ್ಫಟಿಯ ಮೇಲೆ ಓಡಾಡುತ್ತಿದ್ದೇನೆ. ಈ ರಸ್ತೆಗಳ ಗುಣವನ್ನು ಬೆಂಗಳೂರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅಲ್ಲಿಯದು ಗುಂಡಿ. ನಮ್ಮದು ತೆರೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರಿಗೆ ಸ್ವಂತ ಬುದ್ಧಿ ಇಲ್ಲ, ಮಣ್ಣು ಹೇಗೆ ಉಸಿರಾಡುತ್ತದೋ ಅದೂ ಹಾಗೆ. ಅದರ ಮೇಲೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುತ್ತವೆ. ಇದೇ ಮಣ್ಣಿನ ತೊಗರಿಗೆ 2019ರಲ್ಲಿ 'ಗುಲ್ಬರ್ಗಾ ತೂರ್ ದಾಲ್' ಅಂತ ಜಿಐ ಮಾನ್ಯತೆ ಸಿಕ್ಕಿತು. ಮಣ್ಣಿನ ಬಗ್ಗೆ ನನಗೆ ಹೆಮ್ಮೆ ಇದೆ. ಗಾಡಿಗೆ ಇಲ್ಲ.

ಭಜ್ಜಿ ಚೆಲ್ಲಿದ ಮರುದಿನ ಬಸ್ ಸ್ಟ್ಯಾಂಡ್ ಹತ್ತಿರದ ಮಿಸ್ತ್ರಿಯ ಹತ್ತಿರ ಹೋದೆ. ಆತ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಎರಡು ಸಲ ಒತ್ತಿದ, ಕೊಳವೆಯ ಮೇಲೆ ಬೆರಳಾಡಿಸಿದ, ಎಣ್ಣೆ ಹತ್ತಿದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದ.

"ಸರ, ಚಿಮಟಾ ಹೋಗ್ಯಾದ."

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಮುಂದಿನ ಫೋರ್ಕಿಗೆ ಚಿಮಟಾ ಅಂತಲೇ ಹೆಸರು. ಗಾಲಿಯನ್ನು ಇಕ್ಕಳದ ಹಾಗೆ ಎರಡು ಕಡೆಯಿಂದ ಹಿಡಿದುಕೊಂಡಿರುತ್ತದಲ್ಲ, ಅದಕ್ಕೆ. ಕೊಳವೆಯ ಮೇಲೆ ಸಿಡಿದ ಎರೆ ಮಣ್ಣು ಒಣಗಿ ಉಪ್ಪುಕಾಗದದ ಹಾಗೆ ಕೂತು, ಗಾಡಿ ಕುಣಿದಾಗಲೆಲ್ಲ ರಬ್ಬರಿನ ಸೀಲನ್ನು ಕೆರೆದು ಕೆರೆದು ತಿಂದಿತ್ತು. ಎಣ್ಣೆ ಬಹುಪಾಲು ಹೊರಗೆ ಬಂದಿತ್ತು. ಮಿಸ್ತ್ರಿ ಹೇಳಿದ ಔಷಧ ಸರಳ: ಹೊಸ ಸೀಲು, ಹೊಸ ಎಣ್ಣೆ, ಏಳುನೂರು ರೂಪಾಯಿ, ಸಂಜೆ ಐದಕ್ಕೆ ಗಾಡಿ ತಯಾರು.

ಅವತ್ತು ಆ ಏಳುನೂರು ಕೊಟ್ಟು ಸುಮ್ಮನಿದ್ದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಆದರೆ ನಾನು ಸುಮ್ಮನಿರುವ ಜಾತಿಯವನಲ್ಲ. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಅದೂ ಸಾಲದೆಂಬಂತೆ ರಾತ್ರಿ ಹನ್ನೊಂದರ ಮೇಲೆ ಫೋನಿನಲ್ಲಿ ವಿಡಿಯೋ ನೋಡುವವನು. ಒಂದು ವಾರ ನೋಡಿದ ಮೇಲೆ ಡ್ಯಾಂಪಿಂಗ್, ರಿಬೌಂಡ್, ಪ್ರಿಲೋಡ್, ಸ್ಯಾಗ್ ಅನ್ನುವ ಪದಗಳು ನನ್ನ ಬಾಯಿಯಲ್ಲಿ ಮಂತ್ರದ ಹಾಗೆ ಉದುರತೊಡಗಿದವು. ಮನೆಯಲ್ಲಿ ಘೋಷಿಸಿದೆ: "ಸೀಲ್ ಬದಲಿ ಮಾಡೋದು ಅಂದ್ರ ರೋಗ ಮುಚ್ಚಿಡೋದು. ಚಿಮಟಾನೇ ಅಪ್‌ಗ್ರೇಡ್ ಮಾಡಬೇಕು. ಅದಕ್ಕಂತನೇ ಹೈದರಾಬಾದಿನಾಗ ಸಸ್ಪೆನ್ಷನ್ ಸ್ಪೆಷಲಿಸ್ಟ್ ಅದಾರ."

ಆಕೆ ಒಲೆಯ ಮುಂದೆ ಚಪಾತಿ ಉಬ್ಬಿಸುತ್ತಿದ್ದಳು. ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು. ಅದರ ಎರಡು ಕಾಲು ಎರಡು ದಿಕ್ಕಿಗಿದ್ದವು.

"ಇದೂ ಚಿಮಟಾನೇ ಅದ. ಮೂರು ವರ್ಷ ಆತು ಸಡ್ಲ ಆಗಿ. ಇದಕ್ಕ ಯಾವ ಊರಾಗ ಸ್ಪೆಷಲಿಸ್ಟ್ ಅದಾರ?"

ಆ ಪ್ರಶ್ನೆಗೆ ವಿಡಿಯೋದಲ್ಲಿ ಉತ್ತರ ಇರಲಿಲ್ಲ. ಆದರೆ ನನ್ನ ಹತ್ತಿರ ಎರಡು ಬಲವಾದ ವಾದಗಳಿದ್ದವು, ಒಂದು ಭಜ್ಜಿ, ಇನ್ನೊಂದು ಆಕೆಯ ನಡು. ಪ್ರತಿ ಸಲ ಆಳಂದಕ್ಕೆ ಹೋಗಿ ಬಂದಾಗಲೂ ಆಕೆ ಎರಡು ದಿನ ನಡು ಹಿಡಿದುಕೊಂಡು ಓಡಾಡುತ್ತಿದ್ದಳು. ಖರ್ಚು ಎಷ್ಟು ಅಂದಳು. ಹದಿನೇಳು ಸಾವಿರದ ಎಂಟುನೂರು ಅಂದೆ. ದಯವಿಟ್ಟು ಗಮನಿಸಬೇಕು, ಹಣದ ವಿಷಯದಲ್ಲಿ ನಾನು ಒಂದು ಪೈಸೆಯ ಸುಳ್ಳೂ ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಖರೇ ಹೇಳಿದ್ದಕ್ಕೆ ಅನುಮಾನ ಬಂತು. "ಏನೋ ಒಂದು ಮುಚ್ಚಿಡ್ಲತ್ತೀರಿ, ಇರ್ಲಿ" ಅಂದು ಒಪ್ಪಿಗೆ ಕೊಟ್ಟಳು.

ಗಾಡಿ ನಡೆಸಿಕೊಂಡು ಹೈದರಾಬಾದಿಗೆ ಹೋಗುವಂತಿರಲಿಲ್ಲ. ಮಿಸ್ತ್ರಿ ಚಿಮಟಾದ ಎರಡೂ ಕಾಲು ಬಿಚ್ಚಿ ಕೊಟ್ಟ. ಮೂತಿಯಿಲ್ಲದ ಗಾಡಿ ಅಂಗಳದಲ್ಲಿ ಇಟ್ಟಂಗಿ ಮೇಲೆ ಕೂತಿತು. ಆಕೆ ಅದೇ ದಿನದಿಂದ ಹ್ಯಾಂಡಲಿಗೆ ಹಸಿ ಬಟ್ಟೆ ಹಾಕತೊಡಗಿದಳು. ಹದಿನಾಲ್ಕು ವರ್ಷದಲ್ಲಿ ಗಾಡಿ ಮೊದಲ ಸಲ ಮನೆಗೆಲಸಕ್ಕೆ ಬಂತು ಅಂತ ಓಣಿಯಲ್ಲೆಲ್ಲ ಹೇಳಿದಳು.

ಆ ಎರಡು ಕಬ್ಬಿಣದ ಕಾಲುಗಳನ್ನು ಹಳೇ ಸೋಲಾಪುರ ಚಾದರದಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಸಂಕಟ ದೊಡ್ಡದಾದಾಗ ಹೈದರಾಬಾದಿಗೆ ಹೋಗುವುದು ನಮ್ಮ ಜಿಲ್ಲೆಯ ರಕ್ತದಲ್ಲೇ ಇದೆ. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು, ಅಜ್ಜನಿಗೆ ಅದೇ ರಾಜಧಾನಿ. ಈಗಲೂ ಆಪರೇಷನ್ ಅಂದರೆ ಹೈದರಾಬಾದ್, ಮದುವೆ ಜವಳಿ ಅಂದರೆ ಸೋಲಾಪುರ. ಚಿಮಟಾ ಆಪರೇಷನ್ ಖಾತೆಗೆ ಸೇರಿತು. ಅರ್ಧ ದಾರಿಯಲ್ಲಿ ಕಂಡಕ್ಟರ್ ನನ್ನ ಕಾಲ ಬುಡ ನೋಡಿ, "ಸರ, ಎಣ್ಣಿ ಸೋರ್ಲತ್ತದಲ್ರೀ, ಉಪ್ಪಿನಕಾಯಿ ಏನು?" ಅಂದ. ಹೌದು ಅಂದೆ. ಫೋರ್ಕ್ ಅಂತ ವಿವರಿಸುವುದಕ್ಕಿಂತ ಅದು ಸಲೀಸಾಗಿತ್ತು. ಪಕ್ಕದ ಅಜ್ಜಿ ಮಾವಿನದೋ ನಿಂಬಿದೋ ಅಂತ ಕೇಳಿದಳು. ಜಹೀರಾಬಾದ್ ಬರುವ ತನಕ ಉಪ್ಪಿನಕಾಯಿಯ ಬಗ್ಗೆ ಮಾತಾಡಿದೆವು.

ಈಗ ಸ್ವಲ್ಪ ಪಾಠ. ಮಾಸ್ತರ ಬರೆದದ್ದು ಅಂದ ಮೇಲೆ ತಪ್ಪಿಸಿಕೊಳ್ಳಲಾಗದು.

ಬೈಕಿನ ಮುಂದಿನ ಪ್ರತಿ ಕಾಲಿನೊಳಗೂ ಒಂದು ಉದ್ದನೆಯ ಸ್ಪ್ರಿಂಗ್, ಒಂದಿಷ್ಟು ಎಣ್ಣೆ. ಭಾರ ಹೊರುವುದು ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗ್ ಸುಮ್ಮಸುಮ್ಮನೆ ಕುಣಿಯದಂತೆ ತಡೆಯುವುದು ಎಣ್ಣೆಯ ಕೆಲಸ. ಹಿಂದಿನ ಕಾಲದ ಗಾಡಿಗಳಿಗೆ ಸ್ಪ್ರಿಂಗ್ ಹೊರಗೇ ಕಾಣುತ್ತಿತ್ತು. ಕೊಳವೆಯೊಳಗೆ ಕೊಳವೆ ಜಾರಿಸಿ, ಒಳಗೆ ಎಣ್ಣೆ ತುಂಬಿದ ಫೋರ್ಕನ್ನು ಮಾರಾಟದ ಗಾಡಿಗೆ ಮೊದಲು ಹಾಕಿದ್ದು ಜರ್ಮನಿಯ ಬಿಎಂಡಬ್ಲ್ಯು, 1935ರಲ್ಲಿ, ಆರ್12 ಮತ್ತು ಆರ್17 ಎಂಬ ಮಾದರಿಗಳಿಗೆ. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾಗಳಲ್ಲೂ ಇದ್ದುದು ಅದೇ ಜಾತಿಯ ಕೊಳವೆ ಫೋರ್ಕು. ಇವತ್ತಿಗೂ ನಮ್ಮ ನಿಮ್ಮಂಥವರ ಗಾಡಿಗೆ ಅದೇ.

ಎಣ್ಣೆ ಕೆಲಸ ಮಾಡುವುದು ಸಣ್ಣ ತೂತುಗಳ ಮೂಲಕ. ಕಾಲು ಕುಗ್ಗಿದಾಗ ಎಣ್ಣೆ ಆ ತೂತುಗಳಿಂದ ನುಗ್ಗಬೇಕು. ತೊಡಕು ಇಲ್ಲೇ. ಮದುವೆ ಮನೆಯ ಊಟದ ಕೋಣೆಗೆ ಒಂದೇ ಬಾಗಿಲಿದೆ ಅಂತ ತಿಳಿಯಿರಿ. ಒಬ್ಬೊಬ್ಬರಾಗಿ ಹೋದರೆ ಬಾಗಿಲು ಇದೆಯೆಂಬುದೇ ಗೊತ್ತಾಗುವುದಿಲ್ಲ. "ಊಟಕ್ಕ ಏಳ್ರಿ" ಅಂದದ್ದೇ ತಡ, ಎಲ್ಲರೂ ಒಮ್ಮೆಗೇ ನುಗ್ಗಿದರೆ ಯಾರೂ ಒಳಗೆ ಹೋಗುವುದಿಲ್ಲ, ಬಾಗಿಲ ಚೌಕಟ್ಟು ಮಾತ್ರ ಕಿತ್ತು ಬರುತ್ತದೆ. ಬ್ರೇಕ್ ಒತ್ತಿದಾಗ ಫೋರ್ಕು ನಿಧಾನಕ್ಕೆ ಕುಗ್ಗುತ್ತದೆ, ಎಣ್ಣೆ ತಡೆಯುವುದೇ ಇಲ್ಲ, ಮೂತಿ ನೆಲಕ್ಕೆ. ಅದೇ ಚೂಪಾದ ತಗ್ಗಿಗೆ ಬಿದ್ದರೆ ವೇಗ ಹೆಚ್ಚು. ವೇಗ ಎರಡು ಪಟ್ಟಾದರೆ ಎಣ್ಣೆಯ ತಡೆ ನಾಲ್ಕು ಪಟ್ಟು, ಆಗ ಏಟು ನೇರ ಮುಂಗೈಗೆ. ಅಂದರೆ ಮೆತ್ತಗಿರಬೇಕಾದಲ್ಲಿ ಗಟ್ಟಿ, ಗಟ್ಟಿಯಿರಬೇಕಾದಲ್ಲಿ ಮೆತ್ತಗೆ. ಈ ಸ್ವಭಾವದ ಮನುಷ್ಯರು ನಮ್ಮ ಬೀಗರಲ್ಲೂ ಇದ್ದಾರೆ, ಅದು ಬೇರೆ ಮಾತು.

ಸ್ಪೆಷಲಿಸ್ಟ್ ಮಾಡುವ ಉಪಾಯವೇನೆಂದರೆ, ಆ ಹಳೆಯ ತೂತುಗಳನ್ನು ದೊಡ್ಡದು ಮಾಡಿ, ಮೇಲೊಂದು ಪುಟ್ಟ ವಾಲ್ವ್ ಕೂಡಿಸುವುದು. ಜನ ಕಮ್ಮಿ ಇದ್ದಾಗ ಅದು ಬಾಗಿಲನ್ನು ಅರ್ಧ ಮುಚ್ಚಿ ಹಿಡಿಯುತ್ತದೆ, ಗದ್ದಲ ಹೆಚ್ಚಾದಾಗ ತಾನೇ ತೆರೆದುಕೊಳ್ಳುತ್ತದೆ. ಜೊತೆಗೆ ಗಾಡಿ ಓಡಿಸುವವನ ತೂಕಕ್ಕೆ ತಕ್ಕ ಹೊಸ ಸ್ಪ್ರಿಂಗು.

ಓಡಿಸುವವನ ತೂಕಕ್ಕೆ ತಕ್ಕ. ಈ ಮೂರು ಪದಗಳನ್ನು ವಿಡಿಯೋದಲ್ಲಿ ಕೇಳಿದ್ದೆ, ಕಿವಿಗೆ ಹಾಕಿಕೊಂಡಿರಲಿಲ್ಲ.

ಹೈದರಾಬಾದಿನ ಆ ವರ್ಕ್‌ಶಾಪ್ ಗ್ಯಾರೇಜಿನ ಹಾಗಿರಲಿಲ್ಲ, ಕಣ್ಣಿನ ಆಸ್ಪತ್ರೆಯ ಹಾಗಿತ್ತು. ನೆಲದ ಮೇಲೆ ಎಣ್ಣೆಯ ಕಲೆ ಇಲ್ಲ, ಗೋಡೆಗೆ ನಟಿಯರ ಕ್ಯಾಲೆಂಡರ್ ಇಲ್ಲ. ಕೈಗವಸು ಹಾಕಿದ ಹುಡುಗ ನನ್ನ ಚಾದರ ಬಿಚ್ಚಿ, ಉಳಿದಿದ್ದ ಎಣ್ಣೆಯನ್ನು ಗಾಜಿನ ಅಳತೆಯ ಪಾತ್ರೆಗೆ ಬಗ್ಗಿಸಿದ. ನೀರಿನಷ್ಟು ತೆಳ್ಳಗೆ, ನಮ್ಮ ಎರೆ ಹೊಲದಷ್ಟು ಕಪ್ಪಗೆ. ಆಮೇಲೆ ಒಂದು ಕಾಗದ ತೆಗೆದುಕೊಂಡು ಕೂತ.

"ಸಾಬ್, ಆಪ್ಕಾ ವಜನ್?"

ಮೂಲೆಯಲ್ಲಿ ತೂಕದ ಯಂತ್ರ ಇತ್ತು. ನಾನು ಅದರ ಕಡೆ ಬೆನ್ನು ಮಾಡಿ ನಿಂತೆ.

"ಎಪ್ಪತ್ತೆರಡು" ಅಂದೆ.

ಇದನ್ನು ಸುಳ್ಳು ಅನ್ನಬಾರದು. ಮದುವೆಯಾದ ವರ್ಷ ನಾನು ಸರಿಯಾಗಿ 72 ಕೆ.ಜಿ. ಇದ್ದೆ. ಸುಳ್ಳಲ್ಲ, ಹಳೇ ಸುದ್ದಿ. ಹುಡುಗ ಬರೆದುಕೊಂಡ. ಬರೆದುಕೊಂಡ ಮೇಲೆ ತಲೆ ಎತ್ತಿ ನನ್ನ ಅಂಗಿಯ ನಾಲ್ಕನೇ ಗುಂಡಿಯನ್ನು ನೋಡಿದ. ಆ ಗುಂಡಿ ಎಷ್ಟು ಕಷ್ಟದಲ್ಲಿದೆ ಅಂತ ನೋಡಿದವರಿಗೆ ಗೊತ್ತಾಗುತ್ತಿತ್ತು. ಅವನೇನೂ ಅನ್ನಲಿಲ್ಲ. ಹಿಂದೆ ಕೂಡುವವರ ತೂಕ ಎಷ್ಟು ಅಂತ ಕೇಳಿದ.

ಇಲ್ಲಿ ನನ್ನೊಳಗಿನ ವಿಜ್ಞಾನ ಮಾಸ್ತರ ಎಚ್ಚೆತ್ತ. ಎಂಟು ದಿನದ ಹಿಂದೆಯಷ್ಟೇ ಒಂಬತ್ತನೇ ತರಗತಿಗೆ ದ್ರವ್ಯರಾಶಿ ಸಂರಕ್ಷಣೆಯ ನಿಯಮ ಹೇಳಿಕೊಟ್ಟಿದ್ದೆ. ದ್ರವ್ಯವನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು. ನನ್ನ ಖರೇ ತೂಕ 91. ಕಾಗದದ ಮೇಲೆ 72. ಉಳಿದ 19 ಕಿಲೋ ಎಲ್ಲಿಗೆ ಹೋಗಬೇಕು? ಗಾಡಿಯ ಒಟ್ಟು ಭಾರವಂತೂ ತಪ್ಪಬಾರದು, ಸುರಕ್ಷತೆಯ ಪ್ರಶ್ನೆ. ಹೆಂಡತಿ 57. ಐವತ್ತೇಳಕ್ಕೆ ಹತ್ತೊಂಬತ್ತು ಕೂಡಿಸಿದೆ.

"ಎಪ್ಪತ್ತಾರು."

ಹುಡುಗ ಬರೆದುಕೊಂಡ. ಒಟ್ಟು 148, ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಲ್ಲರೂ ಇಷ್ಟು ಪ್ರಾಮಾಣಿಕವಾಗಿ ಸುಳ್ಳು ಹೇಳಿದರೆ ದೇಶದ ಲೆಕ್ಕ ಎಂದೂ ತಪ್ಪುವುದಿಲ್ಲ ಅನ್ನಿಸಿ ಮನಸ್ಸು ಹಗುರವಾಯಿತು. ಮನಸ್ಸು ಮಾತ್ರ.

ಎರಡು ದಿನಕ್ಕೆ ಕೆಲಸ ಮುಗಿಯಿತು. ಹೊಳೆಯುವ ಕಾಲುಗಳನ್ನು ತಂದೆ, ಮಿಸ್ತ್ರಿ ಕೂಡಿಸಿದ, ಹ್ಯಾಂಡಲ್ ಮೇಲಿನ ಬಟ್ಟೆಗಳು ಹಗ್ಗಕ್ಕೆ ಮರಳಿದವು. ಮೊದಲ ಸವಾರಿ ಗಾಣಗಾಪುರಕ್ಕೆ. ದತ್ತನ ದರ್ಶನ ಮಾಡಿ, ಭೀಮಾ ಅಮರ್ಜಾ ಸಂಗಮದಲ್ಲಿ ಕಾಲು ತೊಳೆದುಕೊಂಡು ಬರುವುದು ಅಂತ ಆಕೆ ಹರಕೆ ಹೇಳಿಕೊಂಡಿದ್ದಳಂತೆ. ಚಿಮಟಾ ಸುರಕ್ಷಿತವಾಗಿ ಮನೆಗೆ ಬಂದದ್ದಕ್ಕೋ ನಾನು ಬಂದದ್ದಕ್ಕೋ ಕೇಳಲಿಲ್ಲ. ಚೌಡಾಪುರದ ತನಕ ನನಗೆ ನೆಲ ಕಾಣಲಿಲ್ಲ. ಸಣ್ಣ ತಗ್ಗುಗಳು ಎಲ್ಲಿ ಮಾಯವಾದವೋ. "ನಡಾ ಹ್ಯಾಂಗದ?" ಅಂತ ಐದು ಸಲ ಕೇಳಿದೆ. "ಅದ" ಅಂದಳು. ಚೌಡಾಪುರದಲ್ಲಿ ಗಾಣಗಾಪುರದ ಕಡೆ ಹೊರಳುವಾಗ ಅಡ್ಡ ಬಂದ ಎಮ್ಮೆಗೆ ಬ್ರೇಕ್ ಒತ್ತಿದೆ. ಮೂತಿ ಧಸಕ್ಕನೆ ಕೆಳಗೆ ಹೋಗಿ ತಳದಲ್ಲಿ 'ಠಕ್' ಅಂತು. ಆಕೆಯ ಕೈಯಲ್ಲಿದ್ದ ಟೆಂಗಿನಕಾಯಿ ನನ್ನ ಹೆಲ್ಮೆಟ್ಟಿಗೆ ಬಡಿಯಿತು. ಒಡೆಯಲಿಲ್ಲ. ಎರಡೂ.

ಮನೆಗೆ ಬಂದು ವರ್ಕ್‌ಶಾಪಿಗೆ ಫೋನು ಹಚ್ಚಿದೆ. ಹುಡುಗ ಶಾಂತವಾಗಿ, ಸ್ಯಾಗ್ ಅಳೆದು ಹೇಳಿ ಸಾಬ್ ಅಂದ. ಸ್ಯಾಗ್ ಅಂದರೆ ಸವಾರ ಕೂತಾಗ ಫೋರ್ಕು ಎಷ್ಟು ಇಳಿಯಿತು ಎಂಬ ಲೆಕ್ಕ. ಮುಂದಿನ ಗಾಲಿ ಗಾಳಿಯಲ್ಲಿ ತೂಗುವಂತೆ ಎತ್ತಿ, ಹೊರಗೆ ಕಾಣುವ ಕೊಳವೆಯ ಉದ್ದ ಅಳೆಯಬೇಕು. ಆಮೇಲೆ ಸವಾರ ಕಾಲು ಎತ್ತಿ ಕೂತಾಗ ಅಳೆಯಬೇಕು. ಎರಡರ ಅಂತರವೇ ಸ್ಯಾಗ್. ನಮ್ಮ ಗಾಡಿಯ ಫೋರ್ಕಿನ ಒಟ್ಟು ಓಟ 130 ಮಿಲಿಮೀಟರ್. ಅದರ ಕಾಲುಭಾಗದಿಂದ ಮೂರನೇ ಒಂದು ಭಾಗದ ಒಳಗೆ, ಅಂದರೆ 33ರಿಂದ 43ರ ನಡುವೆ ಬಂದರೆ ಸರಿ.

ಒಬ್ಬನೇ ಅಳೆಯಲು ಬರುವುದಿಲ್ಲ. ಹೀಗಾಗಿ ಇಡೀ ಸಂಸಾರ ಅಂಗಳಕ್ಕೆ ಇಳಿಯಿತು. ನಾನು ಹೆಲ್ಮೆಟ್ ಸಮೇತ ಗಾಡಿಯ ಮೇಲೆ. ಗಾಡಿ ಬೀಳದಂತೆ ಹಿಂದೆ ಹಿಡಿದುಕೊಂಡವನು ಪಕ್ಕದ ಮನೆಯ ಪಿಯುಸಿ ಹುಡುಗ. ಬ್ಲೌಸ್ ಹೊಲಿಯುವ ಟೇಪು ಹಿಡಿದು ಮುಂದಿನ ಗಾಲಿಯ ಹತ್ತಿರ ಕೂತವಳು ನಮ್ಮ ಮನೆಯಾಕೆ. ಹದಿನೈದು ವರ್ಷದಿಂದ ಓಣಿಯ ಹೆಂಗಸರ ಅಳತೆ ತೆಗೆದುಕೊಳ್ಳುತ್ತ ಬಂದವಳು, ಅರ್ಧ ಸೂಜಿ ತಪ್ಪಿಲ್ಲ. ನೋಟ್‌ಬುಕ್ಕು ಹಿಡಿದವಳು ಎಂಟನೇ ತರಗತಿಯ ಮಗಳು. ಫೋನು ಸ್ಪೀಕರಿನಲ್ಲಿ, ಕಟ್ಟೆಯ ಮೇಲೆ.

ಮೊದಲ ಸಲ 49 ಬಂತು. ಉಸಿರು ಹಿಡಿದು ಕೂತೆ. 49. ಹೆಲ್ಮೆಟ್ ತೆಗೆದೆ, ಜೇಬಿನಿಂದ ಫೋನ್ ಚಾರ್ಜರು ಮತ್ತು ಕೀಲಿಗೊಂಚಲು ಕೊಟ್ಟೆ. 49.

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹುಡುಗ ಬಹಳ ಮರ್ಯಾದೆಯಿಂದ, ಆ ಸ್ಪ್ರಿಂಗಿನ ಮೇಲೆ 72 ಕೆ.ಜಿ. ಮನುಷ್ಯ ಕೂತರೆ ಇಷ್ಟು ಇಳಿಯುವುದಿಲ್ಲ, ತೂಕ ಬರೆಸುವಾಗ ಏನಾದರೂ ತಪ್ಪಾಗಿದೆಯಾ ಅಂತ ಉರ್ದುವಿನಲ್ಲಿ ಕೇಳಿದ. ನಮ್ಮ ಮನೆಯಲ್ಲಿ ಎಲ್ಲರಿಗೂ ಉರ್ದು ತಿಳಿಯುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಹುಟ್ಟಿದ್ದರ ಲಾಭ ಅದು, ಅವತ್ತು ಮಾತ್ರ ನಷ್ಟ.

ಆಕೆ ಟೇಪು ಕೊರಳಿಗೆ ಹಾಕಿಕೊಂಡು ಎದ್ದಳು. ಒಳಗೆ ಹೋಗಿ ಅಲಮಾರಿಯಿಂದ ವರ್ಕ್‌ಶಾಪಿನ ಬಿಲ್ಲು ತಂದಳು. ಬಿಲ್ಲನ್ನು ಮೊದಲೇ ಒಮ್ಮೆ ಪರೀಕ್ಷೆ ಮಾಡಿದ್ದಳು. ಆಗ ನೋಡಿದ್ದು ಬರೀ ರೊಕ್ಕದ ಕಡೆ. 17,800 ಸರಿಯಾಗಿ ಇತ್ತು, ಅದಕ್ಕೇ ಮೇಲಿನ ಎರಡು ಸಾಲು ಓದಿರಲಿಲ್ಲ. ಈಗ ಜೋರಾಗಿ ಓದಿದಳು.

"ರೈಡರ್ ತೂಕ 72 ಕೆ.ಜಿ."

ಪಿಯುಸಿ ಹುಡುಗ ನಕ್ಕ. ಮಗಳೂ ನಕ್ಕಳು. ನಾನೂ ನಗಲು ನೋಡಿದೆ. ಆಕೆ ನಗಲಿಲ್ಲ, ಎರಡನೇ ಸಾಲಿಗೆ ಬಂದಿದ್ದಳು.

"ಪಿಲಿಯನ್ ಅಂದ್ರ ಯಾರು?" ಅಂದಳು.

ಅಂಗಳ ಸ್ತಬ್ಧವಾಯಿತು. ಪಿಯುಸಿ ಹುಡುಗ ಹಾಲು ತರಬೇಕು ಅಂತ ಗಾಡಿ ಬಿಟ್ಟು ಹೊರಟ. ನಾನು ಒಂದು ಕಡೆ ವಾಲಿದೆ.

"ಲೆಕ್ಕ ಬರಾಬರ್ ಅದ" ಅಂದೆ. "ಒಟ್ಟು 148. ಕೂಡಿಸಿ ನೋಡು."

ಮಗಳು ನೋಟ್‌ಬುಕ್ಕಿನಲ್ಲಿ ಕೂಡಿಸಿ, "ಹೌದಮ್ಮಾ, ಬರಾಬರ್ ಅದ" ಅಂದಳು. ಮನೆಯಲ್ಲಿ ವಿಜ್ಞಾನದ ಪರ ನಿಂತವಳು ಅವಳೊಬ್ಬಳೇ. ಆದರೆ ವಿಜ್ಞಾನವೇ ನನ್ನ ಪರ ಇರಲಿಲ್ಲ. ಹಿಂದೆ ಕೂತವರ ಭಾರ ಬಹುಪಾಲು ಬೀಳುವುದು ಹಿಂದಿನ ಗಾಲಿಯ ಮೇಲೆ. ಮುಂದಿನ ಫೋರ್ಕಿಗೆ ಹೆಚ್ಚಾಗಿ ಸಂಬಂಧ ಇರುವುದು ಗಾಡಿ ಓಡಿಸುವವನ ಭಾರಕ್ಕೆ. ನಾನು ನನ್ನ 19 ಕಿಲೋವನ್ನು ಹೆಂಡತಿಯ ಹೆಸರಿಗೆ ವರ್ಗಾಯಿಸಿದ್ದೆ, ಆದರೆ ಭೌತಿಕವಾಗಿ ಅದು ನನ್ನ ಹತ್ತಿರವೇ ಇತ್ತು. ಹೊಲ ಹೆಂಡತಿಯ ಹೆಸರಿಗಿದ್ದರೂ ಮಳೆ ಬಂದಾಗ ತೋಯುವುದು ಹೊಲವೇ ತಾನೇ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಸ್ಪ್ರಿಂಗಿನ ನಿಯಮ ಕಂಡುಹಿಡಿದಾಗ, ಬೇರೆಯವರು ಕದಿಯಬಾರದು ಅಂತ 1676ರಲ್ಲಿ ಅದರ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚು ಹಾಕಿಸಿ, ಎರಡು ವರ್ಷ ಬಿಟ್ಟು 1678ರಲ್ಲಿ ಬಿಡಿಸಿ ಹೇಳಿದ. ಎಷ್ಟು ಭಾರವೋ ಅಷ್ಟು ಎಳೆತ, ಅಷ್ಟೇ ಅದರ ಅರ್ಥ. ಹುಕ್ ಎರಡು ವರ್ಷ ಮುಚ್ಚಿಟ್ಟ. ನನಗೆ ಹನ್ನೊಂದು ದಿನ ಮುಚ್ಚಿಡಲಾಗಲಿಲ್ಲ. ಅದೇ ನಿಯಮವನ್ನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ಸಂಬಳ ತೆಗೆದುಕೊಂಡು.

ಆಕೆ ಅವತ್ತು ಜಗಳ ಮಾಡಲಿಲ್ಲ. ಹೆದರಬೇಕಾದ್ದು ಅದಕ್ಕೇ. ರವಿವಾರ ಆಳಂದಕ್ಕೆ ಹೋಗೋಣ ಅಂದಳು, ಅಷ್ಟೇ.

ತೊಗರಿ ರಾಶಿಯಾಗಿ ಮಾರಾಟಕ್ಕೆ ಬರುವ ಹಂಗಾಮು ಅದು. ಆಳಂದದಲ್ಲಿ ನಮ್ಮ ಮಾವನವರ ಅಡತಿ ಅಂಗಡಿಯ ಮುಂದೆ ಚೀಲಗಳ ಗೋಡೆಯೇ ಎದ್ದಿತ್ತು. ರೈತರು, ಹಮಾಲರು, ಮುನೀಮರು, ಚಹಾದ ಹುಡುಗ. ನಡುವೆ ತೂಕದ ಕಾಟಾ. ಆಕೆ ನೇರ ಹೋಗಿ ಅದರ ಮೇಲೆ ನಿಂತಳು. ಅಲ್ಲಿ ಯಾವುದೇ ವಸ್ತು ಕಾಟಾದ ಮೇಲೆ ಬಂದರೂ ಹಮಾಲ ತೂಕ ಕೂಗುತ್ತಾನೆ, ಮುನೀಮ ಬರೆಯುತ್ತಾನೆ. ರೂಢಿ.

"ಐವತ್ತೇಳು!" ಅಂತ ಕೂಗಿದ.

ಆಕೆ ಇಳಿದು ನನ್ನ ಕಡೆ ನೋಡಿದಳು. ನಾನು ಮಾವನವರ ಕಡೆ ನೋಡಿದೆ. ಮಾವನವರು ಬಿಲ್ಲಿನ ಕಥೆ ಆಗಲೇ ಕೇಳಿದ್ದರು, ಫೋನಿನಲ್ಲಿ. ಚಪ್ಪಲಿ ಬಿಡಿರಿ ಅಂತ ಮಾತ್ರ ಅಂದರು. ಹತ್ತಿದೆ.

"ತೊಂಬತ್ತೊಂದು ಕಿಲೋ, ಇನ್ನೂರು ಗ್ರಾಂ!"

ಐವತ್ತು ಕಿಲೋದ ಚೀಲಗಳ ಲೆಕ್ಕದಲ್ಲಿ ಎರಡು ಚೀಲಕ್ಕೆ ಸ್ವಲ್ಪ ಕಮ್ಮಿ. ಮುನೀಮ ತಲೆ ಎತ್ತದೆ ಬರೆದುಕೊಂಡು, "ಹಸಿ ಅದೇನು, ಒಣಗ್ಯಾದೇನು? ಎಷ್ಟು ಕಡತ ಹಿಡೀಲಿ?" ಅಂದ. ತೊಗರಿಯಲ್ಲಿ ತೇವ ಇದ್ದರೆ ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಡತ ಏನೂ ಬ್ಯಾಡ, ಪೂರಾ ಹಿಡಿ. ಹೊರಗಿನ ಮಾಲಲ್ಲ, ಮನೀ ಮಾಲೇ" ಅಂದರು. ಆ ಸಾಲು ಇವತ್ತಿಗೂ ಅಡತಿಯ ಖಾತೆಯಲ್ಲಿದೆ. ಎರಡು ತೊಗರಿಯ ನಡುವೆ ನಾನು.

ಸಂಜೆ ಹೈದರಾಬಾದಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಹುಡುಗನಿಗೆ ಆಶ್ಚರ್ಯವಾಗಲಿಲ್ಲ. ಅವನ ಅನುಭವದಲ್ಲಿ ನಲವತ್ತು ದಾಟಿದ ಗಂಡಸರು ತಮ್ಮ ಮದುವೆಯ ವರ್ಷದ ತೂಕವನ್ನೇ ಹೇಳುತ್ತಾರಂತೆ. ಸ್ಪ್ರಿಂಗು ವಾಪಸು ಕಳಿಸಿದರೆ ಗಟ್ಟಿಯದನ್ನು ಕೊಡುತ್ತೇನೆ, ಅಂತರದ ಹಣ ಸಾಕು ಅಂದ. ಒಳ್ಳೆಯ ಮನುಷ್ಯ. ಆದರೆ ಮತ್ತೆ ಚಾದರ ಸುತ್ತಿಕೊಂಡು ಬಸ್ಸಿನಲ್ಲಿ ಉಪ್ಪಿನಕಾಯಿಯ ಮಾತಾಡುವ ತ್ರಾಣ ನನ್ನಲ್ಲಿ ಇರಲಿಲ್ಲ.

ಊರ ಮಿಸ್ತ್ರಿಗೆ ಎಲ್ಲ ಹೇಳಿದೆ. ಆತ ಬಿಲ್ಲು ನೋಡಿದ, ನನ್ನನ್ನು ನೋಡಿದ, ಒಳಗೆ ಹೋಗಿ ಹೊಲಕ್ಕೆ ನೀರು ಹಾಯಿಸುವ ಪಿವಿಸಿ ಪೈಪಿನ ತುಂಡೊಂದನ್ನು ತಂದ. ಫೋರ್ಕಿನೊಳಗೆ ಸ್ಪ್ರಿಂಗಿನ ಮೇಲೆ ಒಂದು ಸ್ಪೇಸರ್ ಕೂತಿರುತ್ತದೆ. ಅದರ ಜಾಗಕ್ಕೆ 12 ಮಿಲಿಮೀಟರ್ ಹೆಚ್ಚು ಉದ್ದದ ಪೈಪು ಕೊಯ್ದು, ಅಂಚು ತಿಕ್ಕಿ, ಎರಡೂ ಕಡೆ ಕೂಡಿಸಿದ. ಇದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಮೊದಲೇ ಒಂದಿಷ್ಟು ಅದುಮಿಕೊಂಡು ಕೂಡುತ್ತದೆ, ಹಾಗಾಗಿ ಮೂತಿ ಅಷ್ಟು ಮೇಲೆ ನಿಲ್ಲುತ್ತದೆ. ಶುದ್ಧ ವಿಜ್ಞಾನ, ಮಾಸ್ತರನಿಗಿಂತ ಮಿಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಪೈಪಿನ ರೊಕ್ಕ ತೆಗೆದುಕೊಳ್ಳಲಿಲ್ಲ. ಕೈ ಕೂಲಿ ಇನ್ನೂರು.

ಮತ್ತೆ ಅಂಗಳ, ಮತ್ತೆ ಟೇಪು. ಸ್ಯಾಗ್ 37. ಬ್ರೇಕ್ ಒತ್ತಿದರೆ ಮೂತಿ ಈಗಲೂ ಬಾಗುತ್ತದೆ, ನಮಸ್ಕಾರ ಮಾಡುವಷ್ಟು, ಸಾಷ್ಟಾಂಗವಲ್ಲ. ಹೋದ ಎಳ್ಳ ಅಮಾವಾಸ್ಯೆಗೆ ಭಜ್ಜಿ ಪೂರಾ ಹೊಲ ಮುಟ್ಟಿತು, ಅವ್ವ ಉಪ್ಪು ಸರಿಯಾಗಿದೆ ಅಂದಳು. ಬಿಲ್ಲನ್ನು ನಮ್ಮ ಮನೆಯಾಕೆ ಎಸೆದಿಲ್ಲ. ನನ್ನದೇ ಕೆಂಪು ಪೆನ್ನಿನಿಂದ 72 ಹೊಡೆದು 91 ಬರೆದಿದ್ದಾಳೆ, 76 ಹೊಡೆದು 57 ಬರೆದಿದ್ದಾಳೆ. ಒಟ್ಟಿನ ಮುಂದೆ ಸರಿ ಗುರುತು ಹಾಕಿ, ಬಂದವರಿಗೆ ಕಾಣುವಂತೆ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಾಳೆ.

ಅದರ ಪಕ್ಕದ ಮೊಳೆಗೆ ಹೊಸ ಚಿಮಟಾ ತೂಗುಹಾಕಿದೆ. ಕಾಟಾ ಹತ್ತಿದ ದಿನವೇ ಆಳಂದದ ಬಜಾರಿನಲ್ಲಿ ತೆಗೆದುಕೊಂಡದ್ದು, ಅರವತ್ತು ರೂಪಾಯಿ. ಇದುವರೆಗೆ ಎಣ್ಣೆ ಸೋರಿಲ್ಲ.